ಚಪ್ಪಲಿ ಹೊಲಿಯೋನ ಬಂಕಿನಿಂದ ಜಾತಿ ಸಮೀಕ್ಷೆ ಆಪ್‌ವರೆಗೆ: ದಲಿತ ಕ್ರೈಸ್ತರ ಗೊಂದಲ
2025ರ ಸೆಪ್ಟೆಂಬರಲ್ಲಿ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗದ ಜಾತಿ ಸಮೀಕ್ಷೆ ಲಿಸ್ಟಲ್ಲಿ ಕುರುಬ ಕ್ರಿಶ್ಚಿಯನ್, ಬ್ರಾಹ್ಮಣ ಕ್ರಿಶ್ಚಿಯನ್ ಅಂತೆಲ್ಲ ಬಂದಿದ್ದಕ್ಕೆ ಕ್ರೈಸ್ತರಲ್ಲಿ ಜಾತಿ ಎಲ್ಲಿಂದ ಬಂತು ಅಂತ ಎಷ್ಟು ಗಲಾಟೆ ಆಯ್ತು ನೆನಪಿದೆಯಲ್ಲ, ಕೊನೆಗೆ ಅಂಥ 33 ಹೆಸರು ಸಮೀಕ್ಷೆಯ ಮೊಬೈಲ್ ಆಪಲ್ಲಿ ಕಾಣದ ಹಾಗೆ ಮಾಡಿದ್ರು. ಟೀವಿ ನೋಡಿದೋರಿಗೆ ಮೊನ್ನೆ ಹುಟ್ಟಿದ ಜಗಳ ಅನ್ಸಿರುತ್ತೆ. ಆದ್ರೆ ಬೇರು ಇರೋದು 1950ರ ರಾಷ್ಟ್ರಪತಿ ಆದೇಶದಲ್ಲಿ, ಹಿಂದೂ ಅಲ್ಲದೋರು ಎಸ್‌ಸಿ ಅಲ್ಲ ಅಂತ ಅದರ ಮೂರನೇ ಪ್ಯಾರಾ. 1956ರಲ್ಲಿ ಸಿಖ್ಖರನ್ನ ಸೇರಿಸಿದ್ರು, 1990ರಲ್ಲಿ ಬೌದ್ಧರನ್ನ. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದ್ರು. (ಎಸ್‌ಟಿಗೆ ಈ ಷರತ್ತೇ ಇಲ್ಲ, ಯಾಕೋ!)

1985ರ ಸೂಸೈ ಕೇಸ್ ಓದ್ಬೇಕು. ಮದ್ರಾಸಿನ ರಸ್ತೆ ಬದಿ ಚಪ್ಪಲಿ ಹೊಲೀತಿದ್ದ ಮನುಷ್ಯ. ಅದೇ ಕೆಲಸದ ಹಿಂದೂ ಆದಿದ್ರಾವಿಡರಿಗೆ (ತಮಿಳುನಾಡಿನ ಒಂದು ದಲಿತ ಜಾತಿ) ಸರ್ಕಾರ ಫ್ರೀಯಾಗಿ ಬಂಕು, ಅಂದ್ರೆ ಸಣ್ಣ ಗೂಡಂಗಡಿ ಕೊಡ್ತು, ಇವ್ನಿಗೆ ಕೊಡ್ಲಿಲ್ಲ, ಕ್ರೈಸ್ತ ಅಂತ. ಸುಪ್ರೀಂ ಕೋರ್ಟ್ ಹೇಳಿದ್ದು, ಮತಾಂತರ ಆದ್ಮೇಲೂ ಜಾತಿ ಉಳಿದಿದೆ ಅಂತ ತೋರ್ಸಿದ್ರೆ ಸಾಲ್ದು, ಅನ್ಯಾಯವೂ ಅಷ್ಟೇ ತೀವ್ರವಾಗಿ ಉಳಿದಿದೆ ಅಂತ ತೋರ್ಸಬೇಕು ಅಂತ. ಅದೇ ಬಿಸಿಲು, ಅದೇ ಚಪ್ಪಲಿ, ಇನ್ನೇನು ತೋರ್ಸೋದು?

ಚರ್ಚಿನ ಕಡೆಯಿಂದ್ಲೂ ಉತ್ತರ ಸುಲಭ ಇರ್ಲಿಲ್ಲ. ಕ್ರಿಸ್ತನಲ್ಲಿ ಜಾತಿ ಇಲ್ಲ ಅಂತ ಉಪದೇಶ, ತಿರುಚ್ಚಿಯ ಸ್ಮಶಾನದಲ್ಲಿ ಮಾತ್ರ ಜಾತಿಗೊಂದು ಪಾಲು, ನಡುವೆ ಗೋಡೆ. ನಮ್ಮೊಳಗೂ ಅಸ್ಪೃಶ್ಯತೆ ಇದೆ ಅಂತ ಕ್ಯಾಥೋಲಿಕ್ ಬಿಷಪ್ಪರ ಮಂಡಳಿ 2016ರಲ್ಲಿ ಬರೆದು ಒಪ್ಕೊಂಡ್ತು, ತಡವಾಗಿ ಆದ್ರೂ.

ಎಸ್‌ಸಿಗೆ ಧರ್ಮದ ಷರತ್ತೇ ಬೇಡ ಅಂತ ಕೇಂದ್ರ ಸರ್ಕಾರದ ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತ್ತು. ಅದು ಮೂಲೆಗೆ ಹೋಯ್ತು. 2022ರಲ್ಲಿ ಇದೇ ಪ್ರಶ್ನೆ ಪರಿಶೀಲಿಸೋಕೆ ಬಾಲಕೃಷ್ಣನ್ ಆಯೋಗ ಬಂತು, ಅದಕ್ಕೂ ಅವಧಿ ವಿಸ್ತರಣೆ ಮೇಲೆ ವಿಸ್ತರಣೆ.

ನಮ್ಮ ಕರ್ನಾಟಕದಲ್ಲಿ ಕ್ರೈಸ್ತರಾದ ಎಸ್‌ಸಿಗಳು ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ-1ರಲ್ಲಿ ಬರ್ತಾರೆ, ಮೀಸಲು ಕ್ಷೇತ್ರದಲ್ಲಿ ನಿಲ್ಲೋ ಹಾಗಿಲ್ಲ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆನೂ ಇಲ್ಲ. ಹಾಗಾಗಿ ಚರ್ಚಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಲ್ಲಿ ಇನ್ನೊಂದು. ನಮ್ಮ ಕಡೆ ಒಬ್ಬ ಅಜ್ಜಿ ಪ್ರತಿ ಭಾನುವಾರ ಮುಂದಿನ ಬೆಂಚಲ್ಲೇ ಕೂರ್ತಾರೆ, ಸೆರಗು ತಲೆ ಮೇಲೆ ಹೊದ್ದು, ಪ್ರಾರ್ಥನೆಯೆಲ್ಲ ಬಾಯಿಪಾಠ. ಮೊಮ್ಮಗನ ಎಸ್‌ಸಿ ಸರ್ಟಿಫಿಕೇಟ್ ಹೋಗುತ್ತೆ ಅಂತ ದೀಕ್ಷಾಸ್ನಾನದ ರಿಜಿಸ್ಟರಲ್ಲಿ ಹೆಸರು ಬರೆಸಿಲ್ಲ. ಫಾದರ್‌ಗೂ ಗೊತ್ತು, ಕೇಳೋಕೆ ಹೋಗಲ್ಲ.