ಎಲ್ಲಿ ಅಳಿಸಬಾರದೆಂದು ಇಲಿ ತೋರಿಸಿತು

ಎಚ್.ಡಿ. ಕೋಟೆ ಕಡೆಯ ಹಾಡಿಯೊಂದರಿಂದ ಮಗನನ್ನು ಕರೆತಂದಿದ್ದ ತಂದೆ ಕೇಳಿದ್ದರು: "ಇಲಿ ಮ್ಯಾಲೆ ನೋಡಿದ್ದು ನಮ್ ಮಗೀಗೆ ಹೆಂಗ್ ಆಯ್ತದೆ ಸಾ?" ಹುಡುಗನಿಗೆ ಕುಡುಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್. ಕೈಕಾಲು ನೋವು ತಡೆಯಲಾರದೆ ಮೂರನೇ ಸಲ ದಾಖಲಾಗಿದ್ದ. ಹೊಸ ಚಿಕಿತ್ಸೆಯ ಸುದ್ದಿ ಹೇಳುತ್ತಾ ನಾನೇ ಇಲಿಯ ಮಾತು ಎತ್ತಿದ್ದೆ. ವಾರ್ಡಿನ ಗಡಿಬಿಡಿಯಲ್ಲಿ ಅವರಿಗೆ ಅರ್ಧ ಉತ್ತರವಷ್ಟೇ ಸಿಕ್ಕಿತು.

ನಿಜ ಹೇಳಬೇಕೆಂದರೆ ಇಲಿಗೆ ಈ ಕಾಯಿಲೆ ತಾನಾಗಿ ಬರುವುದಿಲ್ಲ. ಹಿಮೋಗ್ಲೋಬಿನ್ನಿನ ಒಂದು ಭಾಗವನ್ನು ಕಟ್ಟುವ ನಮ್ಮ ಬೀಟಾ ಗ್ಲೋಬಿನ್ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದರೆ, ಹಿಮೋಗ್ಲೋಬಿನ್ ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಒಂದಕ್ಕೊಂದು ಅಂಟಿ ಎಳೆಗಳಾಗಿ ಕೆಂಪು ಕಣವನ್ನು ಬಗ್ಗಿಸುತ್ತದೆ. ಈ ವಂಶವಾಹಿಯನ್ನು ಇಲಿಗೆ ಸೇರಿಸಿದರೆ ಸಾಲದು. ಇಲಿಯ ಸ್ವಂತ ಹಿಮೋಗ್ಲೋಬಿನ್ ನಡುವೆ ನುಸುಳಿ ಎಳೆ ಕಟ್ಟಲು ಬಿಡುವುದಿಲ್ಲ. ಆದ್ದರಿಂದ ಅದರ ಗ್ಲೋಬಿನ್ ವಂಶವಾಹಿಗಳನ್ನು ನಿಷ್ಕ್ರಿಯಗೊಳಿಸಿ, ಮನುಷ್ಯರದ್ದನ್ನು ಮಾತ್ರ ಉಳಿಸಬೇಕಾಯಿತು. 1997ರಲ್ಲಿ ಅಮೆರಿಕದ ಎರಡು ತಂಡಗಳು, ಒಂದು ಬರ್ಕ್ಲಿಯಲ್ಲಿ, ಇನ್ನೊಂದು ಅಲಬಾಮದಲ್ಲಿ, ಅಂಥ ಇಲಿಗಳನ್ನು ಪಡೆದವು.

ಇಲಿಯ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ ಸುಮಾರು 2 ಎಂ.ಎಲ್. ಬಾಲದ ತುದಿಯಿಂದ ಒಂದು ಹನಿ ತೆಗೆದು, ಗಾಜಿನ ಸ್ಲೈಡಿನ ಮೇಲೆ ಎಳೆದು, ಬಣ್ಣ ಹಾಕಿ ನೋಡಿದಾಗ ದುಂಡು ಕಣಗಳ ನಡುವೆ ಎರಡೂ ತುದಿ ಚೂಪಾದ, ಬಾಗಿದ ಕಣಗಳು ಕಾಣುತ್ತವೆ. ಗಾತ್ರ ಸಣ್ಣದು ಎನ್ನುವುದನ್ನು ಬಿಟ್ಟರೆ ಆ ಹುಡುಗನ ಸ್ಲೈಡಿನಲ್ಲಿ ಕಂಡದ್ದೂ ಅದೇ. ಆದರೆ ಗುಲ್ಮ, ಅಂದರೆ ಸ್ಪ್ಲೀನ್, ನೋಡಿ: ಈ ಇಲಿಗಳಲ್ಲಿ ಅದು ವಿಪರೀತ ಊದಿಕೊಂಡಿರುತ್ತದೆ, ಈ ಕಾಯಿಲೆಯ ಅನೇಕ ಮಕ್ಕಳಲ್ಲಿ ರಕ್ತನಾಳ ಕಟ್ಟಿಕೊಂಡು ಕೆಲವೇ ವರ್ಷಗಳಲ್ಲಿ ಬತ್ತಿಹೋಗುತ್ತದೆ. ಇಲಿ ಹೇಳಿದ್ದನ್ನೆಲ್ಲ ಹಾಗೆಯೇ ನಂಬಬಾರದು ಎನ್ನುವುದಕ್ಕೆ ನನ್ನ ವಿದ್ಯಾರ್ಥಿಗಳಿಗೆ ಮೊದಲು ತೋರಿಸುವುದು ಇದನ್ನೇ.

ಈ ರೋಗವಿರುವ ಹಸುಗೂಸುಗಳಿಗೆ ಮೊದಲ ಕೆಲವು ತಿಂಗಳು ತೊಂದರೆ ಕಾಣಿಸದು. ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಅವರನ್ನು ಕಾಯುತ್ತಿರಬೇಕು ಎಂದು ನ್ಯೂಯಾರ್ಕಿನ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ 1948ರಲ್ಲೇ ಸೂಚಿಸಿದ್ದರು. ಹುಟ್ಟಿದ ಮೇಲೆ ಅದನ್ನು ಅದುಮಿ ಹಿಡಿಯುವುದು ಬಿಸಿಎಲ್11ಎ ಎಂಬ ವಂಶವಾಹಿ ಎಂದು ಬಾಸ್ಟನ್ನಿನ ಸ್ಟುವರ್ಟ್ ಆರ್ಕಿನ್ ಅವರ ತಂಡ 2008ರಲ್ಲಿ ತೋರಿಸಿತು.

ಹಾಗಾದರೆ ಅದನ್ನೇ ಅಳಿಸಿಬಿಟ್ಟರಾಯಿತಲ್ಲ? ಇಲ್ಲಿಯೇ ಇಲಿ ನಮ್ಮ ಕೈ ಹಿಡಿದು ನಿಲ್ಲಿಸಿತು. ಈ ವಂಶವಾಹಿಯನ್ನು ಇಡೀ ದೇಹದಿಂದ ಅಳಿಸಿದ ಇಲಿಮರಿಗಳು ಬದುಕಲಿಲ್ಲ. ಅವುಗಳ ಭ್ರೂಣಗಳಲ್ಲಿ, ಮುಂದೆ ಪ್ರತಿಕಾಯ ತಯಾರಿಸಬೇಕಾದ ಬಿ ಕೋಶಗಳೇ ಇರಲಿಲ್ಲ. ರಕ್ತದ ರೋಗ ವಾಸಿಮಾಡಲು ಹೊರಟು ರೋಗನಿರೋಧಕ ಶಕ್ತಿಯ ಬೇರನ್ನೇ ಕಡಿದಂತಾಗುತ್ತಿತ್ತು. 2011ರಲ್ಲಿ ಅದೇ ತಂಡ ಸಿಕಲ್ ಸೆಲ್ ಇಲಿಗಳಲ್ಲಿ, ಕೆಂಪು ಕಣಗಳಾಗಲಿರುವ ಕೋಶಗಳಲ್ಲಿ ಮಾತ್ರ ಅದನ್ನು ಅಳಿಸಿತು. ಗರ್ಭದ ಹಿಮೋಗ್ಲೋಬಿನ್ ಏರಿತು, ರಕ್ತಹೀನತೆ ಸರಿಹೋಯಿತು. 2013ರಲ್ಲಿ, ಕೆಂಪು ಕಣಗಳಾಗಲಿರುವ ಕೋಶಗಳಲ್ಲಿ ಮಾತ್ರ ಈ ವಂಶವಾಹಿಯನ್ನು ಚುರುಕಾಗಿಡುವ ಡಿಎನ್‌ಎ ತುಣುಕು ಸಿಕ್ಕಿತು. ಇಲಿಯ ಬಿ ಕೋಶಗಳಲ್ಲಿ ಆ ತುಣುಕನ್ನು ತೆಗೆದರೂ ವಂಶವಾಹಿಗೆ ಧಕ್ಕೆಯಾಗಲಿಲ್ಲ. 2023ರಲ್ಲಿ ಬ್ರಿಟನ್, ಅಮೆರಿಕ ಒಪ್ಪಿದ ಕ್ಯಾಸ್ಜೆವಿ ಎಂಬ ಸಿಕಲ್ ಸೆಲ್ ಚಿಕಿತ್ಸೆಯಲ್ಲಿ, ರೋಗಿಯಿಂದ ಹೊರತೆಗೆದ ರಕ್ತಮೂಲ ಕೋಶಗಳಲ್ಲಿ ಕತ್ತರಿ ಬೀಳುವುದು ಆ ತುಣುಕಿಗೇ.

ಈ ಇಲಿಗಳಿಗೂ ನೋವಾಗುತ್ತದೆ. ಎಷ್ಟು ಇಲಿ, ಯಾಕೆ ಅಷ್ಟು, ನೋವಿಗೆ ಏನು ಕೊಡುತ್ತೀರಿ ಎಂದು ನಮ್ಮ ಪ್ರಾಣಿ ನೈತಿಕ ಸಮಿತಿ ಕೇಳುವುದನ್ನು ಕೆಲವರು ಕಿರಿಕಿರಿ ಎನ್ನುತ್ತಾರೆ. ನಾನು ಹಾಗೆ ಎಣಿಸುವುದಿಲ್ಲ. ವಾರ್ಡಿನಲ್ಲಿ ಆ ನೋವನ್ನು ಕಂಡವರು ಪಂಜರದ ಮುಂದೆ ಅದನ್ನು ಮರೆಯಲಾಗದು.

ಅಮೆರಿಕದಲ್ಲಿ ಆ ಚಿಕಿತ್ಸೆಯ ಬೆಲೆ 22 ಲಕ್ಷ ಡಾಲರ್. ತಿದ್ದಿದ ಕೋಶಗಳನ್ನು ಮೈಗೆ ಮರಳಿಸುವ ಮೊದಲು ತೀಕ್ಷ್ಣ ಕೀಮೋದಿಂದ ಮೂಳೆಯ ಮಜ್ಜೆಯನ್ನು ಖಾಲಿ ಮಾಡಬೇಕು. ಹಾಡಿಯ ಹುಡುಗನಿಗೆ ಅದು ಸದ್ಯಕ್ಕೆ ಎಟುಕುವುದಿಲ್ಲ. ಅವನು ದಿನಕ್ಕೊಂದು ಹೈಡ್ರಾಕ್ಸಿಯೂರಿಯಾ ಗುಳಿಗೆ ನುಂಗುತ್ತಾನೆ. ಅದೂ ಗರ್ಭದ ಹಿಮೋಗ್ಲೋಬಿನ್ನನ್ನೇ ಏರಿಸುವ ಔಷಧ. ಕಳೆದ ಸಲ ಬಂದಾಗ ವರದಿಯಲ್ಲಿ ಆ ಸಾಲಿಗೆ ಪೆನ್ನಿನಿಂದ ಸುತ್ತು ಹಾಕಿ ತಂದೆಗೆ ತೋರಿಸಿದೆ. "ಜಾಸ್ತಿ ಆಗದಾ ಸಾ?" ಎಂದರು. ಆಗಿತ್ತು.