ಭತ್ತಕ್ಕೆ ಬಂದ ಜೀನ್ ಎಡಿಟಿಂಗ್ ಅಡಿಕೆಗೆ ಯಾಕೆ ಬಂದಿಲ್ಲ?

2025ರ ಮೇ 4ರಂದು ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಜೀನ್ ಎಡಿಟಿಂಗ್ (ಗಿಡದ ಜೀನನ್ನು ಬೇಕಾದಲ್ಲಿ ಕತ್ತರಿಸಿ ತಿದ್ದುವುದು) ಮಾಡಿದ ಎರಡು ಭತ್ತದ ತಳಿಗಳನ್ನು ಘೋಷಿಸಿತು. ಹಳದಿ ಎಲೆ ರೋಗದಿಂದ ಅಡಿಕೆ ತೋಟ ಕಳೆದುಕೊಳ್ಳುತ್ತಿರುವ ಸುಳ್ಯ ಕಡೆಯ ಸಂಪಾಜೆ, ಅರಂತೋಡು, ಮರ್ಕಂಜದವರಿಗೆ ಇದನ್ನು ಕೇಳಿದಾಗ ಏಳುವ ಪ್ರಶ್ನೆ ಒಂದೇ: ಅಡಿಕೆಗೂ ಇದನ್ನೇ ಮಾಡಬಾರದೇ? ಸದ್ಯಕ್ಕೆ ಆಗದು. ಜೀನ್ ಕತ್ತರಿಸುವುದು ಸುಲಭವಾಗಿದೆ, ಕತ್ತರಿಸಿದ ಮೇಲಿನ ಕೆಲಸ ಸುಲಭವಾಗಿಲ್ಲ.

ಕ್ರಿಸ್ಪರ್ ಎಂಬ ಈ ಕತ್ತರಿ ಬ್ಯಾಕ್ಟೀರಿಯಾಗಳದ್ದೇ. ಅವುಗಳ ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಸಾಲುಗಳನ್ನು 1987ರಲ್ಲಿ ಜಪಾನಿನ ಇಶಿನೊ ತಂಡ ಗುರುತಿಸಿತು. ಉಪ್ಪಿನಾಗರದ ಸೂಕ್ಷ್ಮಜೀವಿಯಲ್ಲೂ ಅವನ್ನು ಕಂಡ ಸ್ಪೇನಿನ ಮೊಹಿಕಾ, ಇದು ವೈರಸ್ ತಡೆಯುವ ಏರ್ಪಾಡು ಎಂದು 2005ರಲ್ಲಿ ಊಹಿಸಿದರು. ಎರಡೇ ವರ್ಷದಲ್ಲಿ ಮೊಸರಿನ ಬ್ಯಾಕ್ಟೀರಿಯಾದಲ್ಲಿ ಅದು ರುಜುವಾತಾಯಿತು. 2012ರಲ್ಲಿ ವಿಜ್ಞಾನಿಗಳಾದ ಶಾರ್ಪೆಂಟಿಯೆ, ಡೌಡ್ನಾ ಅದನ್ನು ಬೇಕಾದಲ್ಲಿ ಕತ್ತರಿಸುವ ಸಾಧನವಾಗಿಸಿದರು. 2020ರಲ್ಲಿ ಅವರಿಬ್ಬರಿಗೆ ನೊಬೆಲ್ ಸಿಕ್ಕಿತು.

ಮಾರ್ಗದರ್ಶಿ ಆರ್‌ಎನ್‌ಎಯ 20 ಅಕ್ಷರಗಳ ಭಾಗ ಡಿಎನ್‌ಎಯಲ್ಲಿ ತನಗೆ ಹೊಂದುವ ಜಾಗ ಹುಡುಕುತ್ತದೆ; ಕ್ಯಾಸ್9 ಪ್ರೋಟೀನ್ ಅಲ್ಲಿ ಎರಡೂ ಎಳೆ ತುಂಡರಿಸುತ್ತದೆ. ಜೀವಕೋಶ ಅವಸರದಲ್ಲಿ ಜೋಡಿಸುವಾಗ ಒಂದೆರಡು ಅಕ್ಷರ ಹೆಚ್ಚುಕಡಿಮೆಯಾಗಿ ಜೀನ್ ಕೆಡುತ್ತದೆ. ಇಂದು ಬಳಕೆಗೆ ಬಂದಿರುವ ಹೆಚ್ಚಿನದು ಇಂಥ ಕೆಡಿಸುವ ಕೆಲಸವೇ.

2023ರಲ್ಲಿ ಬ್ರಿಟನ್, ಅಮೆರಿಕ ಒಪ್ಪಿದ ಕ್ಯಾಸ್ಜೆವಿ ಚಿಕಿತ್ಸೆಯೂ ಹಾಗೆ. ಹಿಮೋಗ್ಲೋಬಿನ್ ಕೆಟ್ಟಿರುವ ಸಿಕಲ್ ಸೆಲ್, ತಲಸ್ಸೇಮಿಯಾ ರೋಗಿಯ ರಕ್ತದ ಮೂಲಕೋಶಗಳನ್ನು ಹೊರತೆಗೆದು, ಭ್ರೂಣದ ಹಿಮೋಗ್ಲೋಬಿನ್ ತಡೆಯುವ ಬಿಸಿಎಲ್11ಎ ಜೀನಿನ ಸ್ವಿಚ್ಚನ್ನು ಕೆಡಿಸುತ್ತಾರೆ; ಆಗ ಭ್ರೂಣದ ಹಿಮೋಗ್ಲೋಬಿನ್ ಮತ್ತೆ ತಯಾರಾಗುತ್ತದೆ. ಬಳಿಕ ಬುಸಲ್ಫಾನ್ ಎಂಬ ಕೀಮೋ ಔಷಧ ಕೊಟ್ಟು ಹಳೆಯ ಮಜ್ಜೆ ಖಾಲಿ ಮಾಡಿ ತಿದ್ದಿದ ಕೋಶ ಹಾಕುತ್ತಾರೆ. ಸೋಂಕು, ಬಂಜೆತನದ ಭಯ ಮುಖ್ಯವಾಗಿ ಈ ಕೀಮೋದಿಂದಲೇ. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ನಮ್ಮ ಊರಿನ ಆಸ್ಪತ್ರೆಯ ಮಾತು ದೂರವೇ ಉಳಿಯಿತು.

ಭತ್ತದಲ್ಲಿ ದಾರಿ ಸಲೀಸು. ಸಾಂಬಾ ಮಸೂರಿಯ ಸಿಕೆಎಕ್ಸ್2 ಜೀನ್ ತಿದ್ದಿ, ಕದಿರಿನಲ್ಲಿ ಕಾಳು ಹೆಚ್ಚಿಸಿದ ತಳಿ ‘ಕಮಲಾ’. ಸಾಮಾನ್ಯ ಕ್ರಮ ಹೀಗಿದೆ: ಬೀಜದಿಂದ ಕ್ಯಾಲಸ್ ಎಂಬ ಕೋಶಗಳ ಮುದ್ದೆ ಬೆಳೆಸುವುದು, ಗಿಡದೊಳಗೆ ಜೀನ್ ಸಾಗಿಸುವ ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಮೂಲಕ ಕ್ಯಾಸ್9 ಜೀನ್ ಸೇರಿಸುವುದು, ಬದುಕಿದ ಕೋಶದಿಂದ ಸಸಿ ಎಬ್ಬಿಸುವುದು. ಈ ಸಸಿ ಇನ್ನೂ ಕುಲಾಂತರಿ, ಒಳಗೆ ಹೊರಗಿನ ಜೀನ್ ಇದೆ. ಅದರ ಬೀಜ ಬಿತ್ತಬೇಕು. ಕ್ಯಾಸ್9 ಒಂದೇ ಕಡೆ ಸೇರಿದ್ದರೆ ಮುಂದಿನ ಪೀಳಿಗೆಯ ನಾಲ್ಕರಲ್ಲಿ ಒಂದು ಸಸಿಯಲ್ಲಿ ಅದು ಇರುವುದಿಲ್ಲ. ಅದರಲ್ಲಿ ತಿದ್ದುಪಡಿ ಉಳಿದಿದೆಯೇ, ಬೇರೆಲ್ಲೂ ತುಂಡಾಗಿಲ್ಲವೇ ಎಂದು ನೋಡಿ ಆರಿಸುವುದು. ಹೊರಗಿನ ಜೀನ್ ಉಳಿಯದ ಗಿಡಗಳಿಗೇ 2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕುಲಾಂತರಿ ನಿಯಮಗಳಿಂದ ರಿಯಾಯಿತಿ ಕೊಟ್ಟದ್ದು.

ಅಡಿಕೆಯಲ್ಲಿ ಈ ಒಂದು ಪೀಳಿಗೆಗೇ ವರ್ಷಗಳು ಬೇಕು. ಹಿಂಗಾರ ಬಿಡಲು ನಾಲ್ಕೈದು ವರ್ಷ. ಪರಕೀಯ ಪರಾಗಸ್ಪರ್ಶದ ಮರವಾದ್ದರಿಂದ ಮೂಲ ತಳಿಯ ಗುಣ ಹಾಗೆಯೇ ಉಳಿಯುವುದೂ ಇಲ್ಲ. ಎಳೆ ಹಿಂಗಾರದಿಂದ ಅಂಗಾಂಶ ಕೃಷಿಯ ಸಸಿ ಮಾಡುವ ವಿಧಾನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಬಳಿ ಇದೆ ನಿಜ, ಆದರೆ ತಿದ್ದಿದ ಕೋಶವನ್ನೇ ಆರಿಸಿ ಮರವಾಗಿಸುವುದು ಬೇರೆ ಮಾತು. ಅದಕ್ಕೂ ಮೊದಲು, ಹಳದಿ ಎಲೆ ರೋಗ ತರುವ, ಜಿಗಿಹುಳ ಹರಡುವ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಅಡಿಕೆಯ ಯಾವ ಜೀನನ್ನು ಬಳಸಿಕೊಳ್ಳುತ್ತದೆಂದು ತಿಳಿಯಬೇಕು. ಅಲ್ಲಿಯವರೆಗೆ ರೋಗದ ತೋಟದ ನಡುವೆಯೂ ಹಸಿರಾಗಿ ನಿಂತ ಮರ ಹುಡುಕಿ ಬೀಜ ತೆಗೆಯುವ ಹಳೆಯ ದಾರಿಯೇ ಹೆಚ್ಚು ಭರವಸೆಯದು.

ಕರಾವಳಿಯಲ್ಲಿ ಮೊದಲು ಜೀನ್ ಎಡಿಟಿಂಗ್ ನೋಡಬಹುದಾದ ಬೆಳೆ ಕುಚ್ಚಲಕ್ಕಿಯ ಎಂಒ4 ಎಂಬ ಭತ್ತದ ತಳಿ. ಅದರ ಕ್ಯಾಲಸ್‌ನಿಂದ ಸಸಿ ಎಬ್ಬಿಸುವ ಕ್ರಮ ಪಳಗಬೇಕು, ನಮ್ಮಲ್ಲಿ ಬೆಳೆಯುವ ಇಂಡಿಕಾ ಗುಂಪಿನ ಭತ್ತಗಳು ಈ ವಿಷಯದಲ್ಲಿ ಹಟಮಾರಿ. ಆಮೇಲೆ ಮಳೆಗಾಲದ ಕಾರ್ತಿ, ಆ ಬಳಿಕದ ಸುಗ್ಗಿ ಎರಡೂ ಬೆಳೆಯಲ್ಲಿ ಗದ್ದೆಗಿಳಿಸಿ ನೋಡಬೇಕು.