ಕೆಮ್ಮು ನಿಂತ ಮೇಲೂ ಪಂಪು ಯಾಕೆ?

ನಮ್ಮ ಕಲಬುರಗಿ ಕಡೆ ದಮ್ಮು ಅಂದರೆ ಮುದುಕರ ಕಾಯಿಲೆ. ವರ್ಷಗಟ್ಟಲೆ ಬೀಡಿ ಸೇದಿ, ಗುಡಿ ಕಟ್ಟೆಯ ಮೇಲೆ ಏದುಸಿರು ಬಿಡುತ್ತಾ ಕೂತ ಮುತ್ಯಾ ನೆನಪಾಗುತ್ತಾನೆ. ಹಾಗಾಗಿ ನಾಲ್ಕು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾಗ ಮಕ್ಕಳ ಡಾಕ್ಟರು ‘ಇದು ಅಸ್ತಮಾ’ ಅಂದದ್ದು ನನ್ನ ತಲೆಗೆ ಹೋಗಲಿಲ್ಲ. ‘ಅಂದ್ರ ದಮ್ಮೇನ್ರಿ?’ ಎಂದು ಕೇಳಿದೆ. ಹೌದು ಅಂದರು.

ಮನೆಗೆ ಬಂದು ಅತ್ತೆಯವರಿಗೆ ಹೇಳಿದಾಗ ಅವರು ಮೊದಲು ಎದ್ದು ಬಾಗಿಲು ಮುಂದೆ ಮಾಡಿದರು. ‘ಹೆಣ್ಣ್ ಹುಡುಗಿ ಅದಾಳ ಯವ್ವಾ. ದಮ್ಮ ಅದ ಅಂತ ಮಂದಿ ಮುಂದ ಹೇಳಬ್ಯಾಡ’ ಅಂದರು. ಅವರ ಭಯ ಸುಳ್ಳಲ್ಲ. ಮುಂದೆ ಮದುವೆ ಮಾತು ಬಂದಾಗ ಜನ ಏನೇನು ಎತ್ತಿ ಆಡುತ್ತಾರೆ ಅನ್ನುವುದನ್ನು ಅವರು ಕಂಡಿದ್ದಾರೆ. ಆದರೆ ಮುಚ್ಚಿಟ್ಟರೆ ಮಗಳ ಟೀಚರಿಗೂ ಗೊತ್ತಾಗುವುದಿಲ್ಲ, ಅವಳನ್ನು ಜಾತ್ರೆಗೆ ಕರೆದುಕೊಂಡು ಹೋಗುವ ಅವಳ ಕಾಕಾನಿಗೂ ಗೊತ್ತಾಗುವುದಿಲ್ಲ. ಉಸಿರು ಕಟ್ಟಿದ ಹೊತ್ತಿಗೆ ಪಕ್ಕದಲ್ಲಿ ಇರುವವರು ಅವರೇ ಅಲ್ವಾ?

ಅದಕ್ಕೂ ಮೊದಲಿನ ಎರಡು ವರ್ಷ ಒಂದೇ ಕಥೆ. ನೆಗಡಿ ಬರುತ್ತಿತ್ತು, ಎರಡು ದಿನಕ್ಕೆ ಎದೆಗೆ ಇಳಿಯುತ್ತಿತ್ತು, ಎದೆ ಗೊರಗೊರ ಅನ್ನುತ್ತಿತ್ತು. ದವಾಖಾನೆಯಲ್ಲಿ ಮಷೀನು ಹಚ್ಚಿ ಔಷಧಿಯ ಮಂಜು ಕೊಡುತ್ತಿದ್ದರು. ‘ಕಫ ಆಗ್ಯಾದ’ ಅಂತ ಸಿರಪ್ ಬರೆದುಕೊಡುತ್ತಿದ್ದರು. ವಾರದಲ್ಲಿ ಗುಣ. ತಿಂಗಳಿಗೆ ಮತ್ತೆ ಅದೇ. ಇದೆಲ್ಲ ಬೇರೆ ಬೇರೆ ಕಾಯಿಲೆಯಲ್ಲ, ಒಂದೇ ಕಾಯಿಲೆ ಮತ್ತೆ ಮತ್ತೆ ತಲೆ ಎತ್ತುತ್ತಿದೆ ಅಂತ ನಮಗೆ ಹೊಳೆಯಲೇ ಇಲ್ಲ.

ಸಣ್ಣ ಮಕ್ಕಳಲ್ಲಿ ಇದನ್ನು ಗುರುತಿಸುವುದು ನಿಜಕ್ಕೂ ಕಷ್ಟ. ದೊಡ್ಡವರಿಗಾದರೆ ಕೊಳವೆಯಲ್ಲಿ ಜೋರಾಗಿ ಊದಿಸಿ ಅಳೆಯುತ್ತಾರೆ. ಐದು ವರ್ಷದೊಳಗಿನ ಮಗು ಹೇಳಿದ ಹಾಗೆ ಊದುವುದು ಅಪರೂಪ. ಆದ್ದರಿಂದ ಡಾಕ್ಟರು ಪ್ರಶ್ನೆ ಕೇಳಿ ಕೇಳಿಯೇ ತಿಳಿದುಕೊಳ್ಳಬೇಕು. ರಾತ್ರಿ ಕೆಮ್ಮುತ್ತಾಳಾ? ನಕ್ಕಾಗ, ಓಡಿದಾಗ ಕೆಮ್ಮು ಬರುತ್ತದಾ? ನೆಗಡಿ ಇಲ್ಲದಾಗಲೂ ಸುಂಯ್‌ಗುಡುತ್ತದಾ? ಮನೆಯಲ್ಲಿ ಯಾರಿಗಾದರೂ ಅಲರ್ಜಿ ಇದೆಯಾ? ನಮ್ಮ ಉತ್ತರ ಎಲ್ಲಕ್ಕೂ ಹೌದು. ನಮ್ಮ ಯಜಮಾನರು ಮುಂಜಾನೆ ಎದ್ದರೆ ಹತ್ತು ಸೀನು ಸೀನದೆ ಮಾತಾಡುವುದಿಲ್ಲ. ನನಗೆ ಚಿಕ್ಕವಳಿದ್ದಾಗ ಮೊಣಕೈ ಮಡಿಕೆಯಲ್ಲಿ ತುರಿಕೆ ಇತ್ತು.

ಹಾಗಂತ ಸುಂಯ್‌ಗುಡುವ ಮಕ್ಕಳೆಲ್ಲರಿಗೂ ಅಸ್ತಮಾ ಅಲ್ಲ. ಅಮೆರಿಕದ ಟುಸಾನ್ ಊರಿನಲ್ಲಿ 1980ರ ದಶಕದಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಮೊದಲ ಮೂರು ವರ್ಷದಲ್ಲಿ ಎದೆ ಸುಂಯ್‌ಗುಟ್ಟಿದ್ದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಆರನೇ ವಯಸ್ಸಿಗೆ ಅದು ನಿಂತೇ ಹೋಗಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮೀನಿನ ಮದ್ದಿನ ಮಾತು ಬಂದಾಗ ಬೇಕಾಗುತ್ತದೆ.

ಎದೆಯೊಳಗೆ ಆಗುವುದೇನು? ಗಾಳಿ ಹೋಗುವ ನಳಿಕೆಗಳು ಕವಲೊಡೆಯುತ್ತಾ, ತೆಳ್ಳಗಾಗುತ್ತಾ ಹೋಗುತ್ತವೆ. ಅವುಗಳ ಸುತ್ತ ಪಟ್ಟಿಯ ಹಾಗೆ ಸ್ನಾಯು ಸುತ್ತಿಕೊಂಡಿರುತ್ತದೆ. ಅಸ್ತಮಾದಲ್ಲಿ ಮೂರು ಕೆಲಸ ಒಟ್ಟಿಗೆ ನಡೆಯುತ್ತವೆ. ಸ್ನಾಯು ಬಿಗಿಯುತ್ತದೆ, ನಳಿಕೆಯ ಒಳಪದರ ಬಾತುಕೊಳ್ಳುತ್ತದೆ, ಅಂಟು ಕಫ ಜಾಸ್ತಿಯಾಗುತ್ತದೆ. ಹೊಲಕ್ಕೆ ಪೈಪು ಹಾಕಿಸಿದವರಿಗೆ ಇದರ ಲೆಕ್ಕ ಬೇಗ ಹತ್ತುತ್ತದೆ. ಒಂದು ಇಂಚಿನ ಪೈಪಿನ ಬದಲು ಅರ್ಧ ಇಂಚಿನದು ಹಾಕಿದರೆ ನೀರು ಅರ್ಧ ಬರುವುದಿಲ್ಲ, ಅದಕ್ಕಿಂತ ತುಂಬಾ ಕಡಿಮೆ ಬರುತ್ತದೆ. ಹರಿವು ನಯವಾಗಿದ್ದಾಗ ಕೊಳವೆಯ ಅಗಲ ಅರ್ಧವಾದರೆ ತಡೆ 16 ಪಟ್ಟು ಏರುತ್ತದೆ. ಮಗುವಿನ ನಳಿಕೆಗಳು ಮೊದಲೇ ಕಿರಿದು. ನಮಗೆ ಲೆಕ್ಕಕ್ಕೇ ಬಾರದಷ್ಟು ಊತ ಅವಳಿಗೆ ಉಸಿರು ಕಟ್ಟಿಸುತ್ತದೆ. ಉಸಿರು ಒಳಗೆ ಎಳೆದುಕೊಳ್ಳುವಾಗ ಎದೆ ಹಿಗ್ಗಿ ನಳಿಕೆಯೂ ಸ್ವಲ್ಪ ತೆರೆದುಕೊಳ್ಳುತ್ತದೆ, ಬಿಡುವಾಗ ಕಿರಿದಾಗುತ್ತದೆ. ಆ ಸುಂಯ್ ಸದ್ದು ಹೆಚ್ಚಾಗಿ ಉಸಿರು ಬಿಡುವಾಗಲೇ ಕೇಳುವುದು ಅದಕ್ಕೇ.

ರಾತ್ರಿಯೇ ಯಾಕೆ ಜಾಸ್ತಿ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೆ. ನಮ್ಮ ದೇಹವೇ ತಯಾರಿಸುವ ಕಾರ್ಟಿಸೋಲ್ ಎಂಬ ಹಾರ್ಮೋನು ಊತವನ್ನು ಹಿಡಿತದಲ್ಲಿ ಇಡುತ್ತದೆ. ನಡುರಾತ್ರಿಯ ಸುಮಾರಿಗೆ ಅದು ತೀರಾ ಇಳಿದಿರುತ್ತದೆ. ಆ ಹೊತ್ತಿಗೆ ನಳಿಕೆಗಳೂ ಕಿರಿದಾಗುತ್ತಾ ಹೋಗಿ, ನಸುಕಿನ ನಾಲ್ಕರ ಸುಮಾರಿಗೆ ತೀರಾ ಕಿರಿದಾಗಿರುತ್ತವೆ.

ನಾನು ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕೆಂದಿರುವುದು ಇದು. ಕೆಮ್ಮು ನಿಂತಿತು ಅಂದರೆ ಸ್ನಾಯುವಿನ ಬಿಗಿತ ಸಡಿಲಿದೆ ಅಂತ ಅಷ್ಟೇ. ಒಳಪದರದ ಊತ ಹಾಗೇ ಉಳಿದಿರಬಹುದು. ಅತ್ತೆಯವರಿಗೆ ಇದನ್ನು ಹೇಳಲು ಒದ್ದಾಡುತ್ತಿದ್ದೆ. ಅವರೇ ‘ಬೂದಿ ಮುಚ್ಚಿದ ಕೆಂಡ ಅನ್ನು’ ಅಂದರು. ಇಷ್ಟು ಚೆನ್ನಾಗಿ ನನಗೆ ಯಾವ ಡಾಕ್ಟರೂ ಹೇಳಿರಲಿಲ್ಲ. ಮೇಲೆ ತಣ್ಣಗೆ ಕಾಣುತ್ತದೆ. ಒಂದು ನೆಗಡಿ ಬಂದು ಊದಿದರೆ ಸಾಕು.

ಅದಕ್ಕೇ ಎರಡು ಪಂಪು, ಅಂದರೆ ಔಷಧಿಯನ್ನು ಉಸಿರಿನ ಜೊತೆ ಎಳೆದುಕೊಳ್ಳುವ ಇನ್‌ಹೇಲರ್. ಒಂದು ಸಾಲ್ಬುಟಮಾಲ್. ಬಿಗಿದ ಸ್ನಾಯುವನ್ನು ಕೆಲವೇ ನಿಮಿಷದಲ್ಲಿ ಸಡಿಲಿಸುತ್ತದೆ, ನಾಲ್ಕರಿಂದ ಆರು ತಾಸು ಇರುತ್ತದೆ. ಇನ್ನೊಂದು ಬುಡೆಸೊನೈಡ್‌ನಂಥ ಸ್ಟೀರಾಯ್ಡ್. ತಕ್ಷಣಕ್ಕೆ ಏನೂ ಮಾಡಿದಂತೆ ಕಾಣುವುದಿಲ್ಲ. ದಿನಾ ತಪ್ಪದೆ ಕೊಟ್ಟರೆ ವಾರಗಳಲ್ಲಿ ಊತ ಇಳಿಸುತ್ತದೆ. ಕೆಂಡ ಆರಿಸುವುದು ಈ ಎರಡನೆಯದು. ಆದರೆ ಮಂದಿ ನಿಲ್ಲಿಸುವುದೂ ಇದನ್ನೇ, ‘ಈಗ ಆರಾಮ ಆಗ್ಯಾಳಲ್ಲ’ ಅಂತ. ನಾನೂ ಒಮ್ಮೆ ಮೂರು ವಾರ ನಿಲ್ಲಿಸಿದ್ದೆ. ನಾಲ್ಕನೇ ವಾರ ರಾತ್ರಿ ದವಾಖಾನೆಗೆ ಓಡಿದೆವು.

ಪಂಪು ಹಿಡಿದರೆ ಬಿಡುವುದಿಲ್ಲ, ಅದು ಕೊನೆಯ ಔಷಧಿ ಅನ್ನುತ್ತಾರೆ. ಲೆಕ್ಕ ನೋಡಿ. ಸಾಲ್ಬುಟಮಾಲ್ ಸಿರಪ್ಪಿನ ಒಂದು ಚಮಚದಲ್ಲಿ, ಅಂದರೆ 5 ಮಿಲಿಲೀಟರ್‌ನಲ್ಲಿ, ಸಾಮಾನ್ಯವಾಗಿ 2 ಮಿಲಿಗ್ರಾಂ ಔಷಧಿ ಇರುತ್ತದೆ. ಪಂಪಿನ ಒಂದು ಪಫ್‌ನಲ್ಲಿ, ಅಂದರೆ ಒಂದು ಸಲ ಒತ್ತಿದರೆ ಬರುವುದರಲ್ಲಿ, 100 ಮೈಕ್ರೊಗ್ರಾಂ, ಅಂದರೆ ಅದರ ಇಪ್ಪತ್ತನೇ ಒಂದು ಪಾಲು. ಸಿರಪ್ಪು ಹೊಟ್ಟೆ, ರಕ್ತ ಎಲ್ಲ ಸುತ್ತಿ ಎದೆಗೆ ಬರಬೇಕು. ದಾರಿಯಲ್ಲಿ ಕೈ ನಡುಗಿಸುತ್ತದೆ, ಎದೆ ಡವಡವ ಅನ್ನಿಸುತ್ತದೆ. ಪಂಪು ನೇರ ಎದೆಗೇ ಹೋಗುತ್ತದೆ. ಅದು ಹುಟ್ಟಿದ್ದೂ ಒಂದು ಮಗುವಿನ ಮಾತಿನಿಂದಲೇ. 1955ರಲ್ಲಿ ಅಮೆರಿಕದ ರೈಕರ್ ಔಷಧಿ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ 13 ವರ್ಷದ ಮಗಳು, ನನ್ನ ಔಷಧಿ ಯಾಕೆ ಸ್ಪ್ರೇ ಡಬ್ಬಿಯಲ್ಲಿ ಬರಬಾರದು ಎಂದು ಕೇಳಿದಳಂತೆ. ಅವಳಿಗೂ ಅಸ್ತಮಾ ಇತ್ತು. ಮರುವರ್ಷವೇ ಅಂಥ ಪಂಪು ಮಾರುಕಟ್ಟೆಗೆ ಬಂತು.

ಸ್ಟೀರಾಯ್ಡ್ ಎಂಬ ಹೆಸರಿನ ಹೆದರಿಕೆಗೂ ಇದೇ ಉತ್ತರ. ನಮ್ಮ ಮಗಳಿಗೆ ದಿನಕ್ಕೆ ಹೋಗುವುದು 200 ಮೈಕ್ರೊಗ್ರಾಂ. ನೂರು ದಿನಕ್ಕೆ 20 ಮಿಲಿಗ್ರಾಂ ಆಯಿತು. ಜೋರು ದಮ್ಮು ಬಂದು ಪ್ರೆಡ್ನಿಸೊಲೋನ್ ಸಿರಪ್ ಕುಡಿಸಬೇಕಾದರೆ 15 ಕೆ.ಜಿ. ತೂಕದ ಮಗುವಿಗೆ ಒಂದೇ ದಿನಕ್ಕೆ 15ರಿಂದ 30 ಮಿಲಿಗ್ರಾಂ ಕೊಡುತ್ತಾರೆ. ಎರಡೂ ಒಂದೇ ಸ್ಟೀರಾಯ್ಡ್ ಅಲ್ಲ, ಬಲವೂ ಬೇರೆ. ಆದರೂ ಪ್ರಮಾಣದ ಅಂತರ ಗೊತ್ತಾಗುತ್ತದೆ. ಅಡ್ಡಪರಿಣಾಮ ಇಲ್ಲವೇ ಇಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ವರ್ಷಗಟ್ಟಲೆ ದಿನಕ್ಕೆ 400 ಮೈಕ್ರೊಗ್ರಾಂ ತೆಗೆದುಕೊಂಡ ಅಮೆರಿಕ, ಕೆನಡಾದ ಮಕ್ಕಳು ದೊಡ್ಡವರಾದಾಗ ಸರಾಸರಿ 1.2 ಸೆಂಟಿಮೀಟರ್ ಕುಳ್ಳಗಿದ್ದರು ಎಂದು 2012ರಲ್ಲಿ ಪ್ರಕಟವಾಯಿತು. ಬೆರಳಿನ ಒಂದು ಗೆಣ್ಣಿನಷ್ಟೂ ಇಲ್ಲ. ಉಸಿರಿನ ಮುಂದೆ ಅದು ದೊಡ್ಡದಲ್ಲ ಅಂತ ನಾವು ತೀರ್ಮಾನಿಸಿದೆವು. ಔಷಧಿ ಕೊಟ್ಟ ಮೇಲೆ ಬಾಯಿ ಮುಕ್ಕಳಿಸಿ, ಮುಖ ಒರೆಸುತ್ತೇವೆ. ಇಲ್ಲದಿದ್ದರೆ ಬಾಯಲ್ಲಿ ಬೂಷ್ಟಿನ ಬಿಳಿ ಕಲೆ ಕೂರಬಹುದು.

ಸಣ್ಣ ಮಕ್ಕಳಿಗೆ ಪಂಪನ್ನು ನೇರ ಬಾಯಿಗೆ ಹೊಡೆಯಬಾರದು, ಔಷಧಿಯ ಬಹುಪಾಲು ಗಂಟಲಿಗೇ ಬಡಿಯುತ್ತದೆ. ಸ್ಪೇಸರ್ ಎಂಬ ಡಬ್ಬಿ, ಅದಕ್ಕೊಂದು ಮಾಸ್ಕ್ ಬೇಕು. ಒಂದು ಸಲಕ್ಕೆ ಒಂದೇ ಪಫ್, ಆಮೇಲೆ ಐದಾರು ಸಲ ಸುಮ್ನೆ ಉಸಿರಾಡಿದರೆ ಆಯಿತು. ಡಬ್ಬಿಯನ್ನು ಸೋಪಿನ ನೀರಲ್ಲಿ ತೊಳೆದು ಗಾಳಿಗೆ ಒಣಗಿಸಬೇಕು, ಬಟ್ಟೆಯಿಂದ ಒರೆಸಬಾರದು. ಒರೆಸಿದರೆ ಪ್ಲಾಸ್ಟಿಕ್ಕಿಗೆ ವಿದ್ಯುದಂಶ ಹತ್ತಿ ಔಷಧಿ ಗೋಡೆಗೇ ಅಂಟುತ್ತದೆ. ಯಾದಗಿರಿಯ ಹಳ್ಳಿಯಲ್ಲಿರುವ ತಂಗಿ ‘ಇಲ್ಲಿ ಸ್ಪೇಸರ್ ಎಲ್ಲಿ ಸಿಗತದ ಅಕ್ಕಾ?’ ಎಂದು ಕೇಳಿದ್ದಳು. ದಕ್ಷಿಣ ಆಫ್ರಿಕದ ಕೇಪ್‌ಟೌನ್ ವೈದ್ಯರು ತಂಪುಪಾನೀಯದ 500 ಮಿಲಿಲೀಟರ್ ಬಾಟಲಿಯ ತಳಕ್ಕೆ ಪಂಪಿನ ಮೂತಿಯಷ್ಟೇ ತೂತು ಮಾಡಿ, ಸಂದು ಮುಚ್ಚಿ, ದಮ್ಮು ಬಂದ ಮಕ್ಕಳಿಗೆ ಕೊಟ್ಟು ನೋಡಿದ್ದರು. ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡಿತು ಎಂದು 1999ರಲ್ಲಿ ಬರೆದರು. ಅದನ್ನೇ ಅವಳಿಗೆ ಹೇಳಿದೆ.

ದಮ್ಮು ಎಬ್ಬಿಸುವುದು ಯಾವುದು? ಸಣ್ಣ ಮಕ್ಕಳಲ್ಲಿ ಎಲ್ಲಕ್ಕಿಂತ ಮುಂದೆ ನೆಗಡಿಯ ವೈರಸ್‌ಗಳು, ಅದರಲ್ಲೂ ರೈನೋವೈರಸ್. ಶಾಲೆ ಶುರುವಾಗುವ ಜೂನ್ ನಮಗೆ ಕಷ್ಟದ ತಿಂಗಳು. ಬಾಳೆಹಣ್ಣು, ಮೊಸರು, ಪೇರಲ, ಸೀತಾಫಲ ಎಲ್ಲ ಬಂದ್ ಮಾಡಬೇಕಿಲ್ಲ. ತಿಂದಾಗಲೆಲ್ಲ ತೊಂದರೆಯಾಗುವ ಪದಾರ್ಥ ಇದ್ದರೆ ಅದೊಂದನ್ನೇ ಡಾಕ್ಟರಿಗೆ ಹೇಳಿ. ಹೊಗೆಯ ವಿಷಯದಲ್ಲಿ ಮಾತ್ರ ನಾನು ಬಿಗಿ. ಅತ್ತೆಯವರು ಎಣ್ಣೆ ಸ್ನಾನ ಮಾಡಿಸಿ ಕೂದಲಿಗೆ ಲೋಬಾನದ ಹೊಗೆ ಹಿಡಿಯುತ್ತಿದ್ದರು, ಪ್ರೀತಿಯಿಂದಲೇ. ಅದು ನಿಂತಿತು. ಸ್ನಾನದ ನೀರು ಕಾಯಿಸುವ ತೊಗರಿ ಕಟ್ಟಿಗೆಯ ಒಲೆ ಹಿತ್ತಲ ತುದಿಗೆ ಹೋಯಿತು. ಸೊಳ್ಳೆ ಬತ್ತಿಯ ಬದಲು ಪರದೆ ಬಂತು. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಯ ದಿನ ಹೊಟ್ಟಿನ ಧೂಳು ಊರೆಲ್ಲ ಹಾರುತ್ತದೆ. ಅವತ್ತು ಅವಳು ಹೊಲಕ್ಕೆ ಬರುವುದಿಲ್ಲ. ಬೇಸಿಗೆಯ ಕೂಲರ್ ನಾನು ಮೊದಲು ಯೋಚಿಸದಿದ್ದ ಸಂಗತಿ. ಹಳೆಯ ಹುಲ್ಲಿನ ಪರದೆ ಸದಾ ಒದ್ದೆಯಿದ್ದು ಬೂಷ್ಟು ಹಿಡಿಯುತ್ತದೆ, ಆ ಗಾಳಿಯೇ ಮನೆ ತುಂಬುತ್ತದೆ. ಪ್ರತಿ ವರ್ಷ ಹೊಸದು ಹಾಕಿಸಿ. ನಮ್ಮ ಶಹಾಬಾದಿ ಫರಸಿ ನೆಲ ಮಾತ್ರ ದೊಡ್ಡ ಉಪಕಾರ. ಕಸಬರಿಗೆ ಹಿಡಿದು ಧೂಳೆಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವ ದಿನ ಹೈದರಾಬಾದಿನಲ್ಲಿ ಕೊಡುವ ಮೀನಿನ ಮದ್ದಿಗೆ ನಮ್ಮ ಕಡೆಯಿಂದಲೂ ಮಂದಿ ಹೋಗುತ್ತಾರೆ. ಜೀವಂತ ಕೊರವ ಮೀನಿನ ಮರಿಯ ಬಾಯಲ್ಲಿ ಔಷಧಿ ಇಟ್ಟು ನುಂಗಿಸುತ್ತಾರೆ. ನಮಗೂ ಹೇಳಿದರು. ನಾವು ಹೋಗಲಿಲ್ಲ. ಅದು ಅಸ್ತಮಾ ಗುಣಪಡಿಸುತ್ತದೆ ಎಂದು ಯಾವ ಸರಿಯಾದ ಪರೀಕ್ಷೆಯಲ್ಲೂ ಸಾಬೀತಾಗಿಲ್ಲ. ಹೋಗಿ ಬಂದ ಮಕ್ಕಳಲ್ಲಿ ಕೆಲವರು ಗುಣವಾದದ್ದು ನಿಜವೇ ಇರಬಹುದು. ಆದರೆ ಟುಸಾನ್‌ನ ಮಕ್ಕಳು ಯಾವ ಮೀನನ್ನೂ ನುಂಗಿರಲಿಲ್ಲ. ನಂಬಿ ಹೋಗುವವರನ್ನು ನಾನು ಬೈಯುವುದಿಲ್ಲ. ಪಂಪನ್ನು ಮಾತ್ರ ನಿಲ್ಲಿಸಬೇಡಿ ಎಂದು ಕೈ ಮುಗಿದು ಕೇಳುತ್ತೇನೆ.

ಓಡಬೇಡ, ಆಡಬೇಡ ಅಂತಲೂ ಕೂರಿಸಬೇಡಿ. ಊತ ಹಿಡಿತದಲ್ಲಿದ್ದರೆ ಮಗು ಎಲ್ಲರಂತೆ ಓಡಬಹುದು. ಓಡಿದಾಗಲೆಲ್ಲ ಕೆಮ್ಮಿದರೆ ಚಿಕಿತ್ಸೆ ಸಾಲುತ್ತಿಲ್ಲ ಅಂತ ಅರ್ಥ.

ಕಾಯಬಾರದ ಗುರುತುಗಳು ಇವು. ಪಕ್ಕೆಲುಬಿನ ಸಂದು, ಗಂಟಲ ಕೆಳಗಿನ ಗುಳಿ ಒಳಕ್ಕೆ ಸೆಳೆಯುವುದು. ಮಾತು ಪೂರ್ತಿ ಆಡಲು, ನೀರು ಕುಡಿಯಲು ಆಗದಿರುವುದು. ತುಟಿ ನೀಲಿಯಾಗುವುದು, ಮಗು ಮಂಕಾಗುವುದು. ಒದ್ದಾಟ ನಡೆದೇ ಇದ್ದು ಸುಂಯ್ ಸದ್ದು ನಿಂತರೆ ಅದು ಗುಣವಲ್ಲ, ಗಾಳಿಯೇ ಆಡುತ್ತಿಲ್ಲ. ಆಗ ಸಾಲ್ಬುಟಮಾಲ್ ಕೊಡುತ್ತಲೇ ಹೊರಡಬೇಕು, ಅಥವಾ 108ಕ್ಕೆ ಫೋನ್ ಮಾಡಬೇಕು. ಎಷ್ಟು ಪಫ್, ಎಷ್ಟು ಹೊತ್ತಿಗೊಮ್ಮೆ ಅನ್ನುವುದನ್ನು ಡಾಕ್ಟರ ಕೈಯಲ್ಲೇ ಬರೆಸಿಕೊಳ್ಳಿ. ನಮ್ಮದು ಫ್ರಿಜ್ಜಿನ ಬಾಗಿಲ ಮೇಲಿದೆ, ಒಂದು ಪ್ರತಿ ಅವಳ ಟೀಚರ ಹತ್ತಿರ.

ಇನ್ನೊಂದು ಸಣ್ಣ ಕೆಲಸ, ಎಣಿಕೆ. ನಮ್ಮ ದಿನದ ಪಂಪಿನಲ್ಲಿ 200 ಪಫ್. ಮುಂಜಾನೆ ಒಂದು, ರಾತ್ರಿ ಒಂದು, ಅಂದರೆ ನೂರು ದಿನ. ಔಷಧಿ ಮುಗಿದ ಮೇಲೂ ಒಳಗಿನ ಅನಿಲ ಫುಸ್ ಅನ್ನುತ್ತಲೇ ಇರುತ್ತದೆ, ಅಲುಗಾಡಿಸಿ ನೋಡಿದರೆ ತಿಳಿಯುವುದಿಲ್ಲ. ಶುರು ಮಾಡಿದ ದಿನವನ್ನು ಬರೆದಿಡಬೇಕು. ಈ ಲೆಕ್ಕ ಈಗ ಅತ್ತೆಯವರದು. ಅಮಾವಾಸ್ಯೆ, ಏಕಾದಶಿ ಗುರುತು ಹಾಕುವ ಪಡಸಾಲೆಯ ಕ್ಯಾಲೆಂಡರಿನಲ್ಲೇ, ಬಂದವರೆಲ್ಲರ ಕಣ್ಣಿಗೆ ಬೀಳುವ ಹಾಗೆ, ಕೆಂಪು ಪೆನ್ನಿನಲ್ಲಿ ಬರೆದಿದ್ದಾರೆ: ‘ಹುಡುಗಿ ಪಂಪ, ಹೊಸಾದು’.